ಮುತ್ತಿಗೆಯ ನಡುವೆ ಒಂದು ಕ್ರಯಪತ್ರ

(ಮಂಡ್ಯದ ನಮ್ಮ ಸಭೆಯಲ್ಲಿ, ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ) ದಿನಗಳ ಒಂದು ಸಂಜೆ ಕೂಟದಲ್ಲಿ ಆಡಿದ ಮಾತು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಇಲ್ಲಿ ಬರೆದಿದ್ದೇನೆ.)

ಅಣ್ಣಂದಿರೇ, ಅಕ್ಕಂದಿರೇ, ಎಲ್ಲರಿಗೂ ವಂದನೆ.

ಅಯ್ಯನವರು ನನಗೆ ಕೊಟ್ಟ ವಿಷಯ, ಕಷ್ಟಕಾಲದಲ್ಲಿ ದೇವರನ್ನು ನಂಬಿ ನಡೆಯುವುದು. ನಂಬುವುದರ ಬಗ್ಗೆ ಈ ಸಭೆಯಲ್ಲಿ ಬಹಳ ಕೇಳಿದ್ದೇವೆ. ನಾನು ಇವತ್ತು ನಡೆಯುವುದರ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಯಾಕಂದ್ರೆ ನಾನು ಎಡವಿದ್ದು ಅಲ್ಲೇ.

2023ನೇ ಇಸವಿ ನಿಮಗೆಲ್ಲ ನೆನಪಿದೆ. ಮುಂಗಾರು ಕೈಕೊಟ್ಟ ವರ್ಷ. ಕನ್ನಂಬಾಡಿ ಕಟ್ಟೆ ತುಂಬಲೇ ಇಲ್ಲ. ಬೆಳಿಗ್ಗೆ ಪೇಪರ್ ಬಿಚ್ಚಿದರೆ ನಮ್ಮ ಕಡೆಯವರ ಕಣ್ಣು ಮೊದಲು ಹೋಗುವುದು ಕಟ್ಟೆಯ ಮಟ್ಟದ ಕಡೆಗೆ. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ ಮುಟ್ಟಿದೆ ಅಂದರೆ ಊರಿಗೆ ಊರೇ ಹಗುರಾಗುತ್ತದೆ. ಆ ವರ್ಷ ಅದು ಆಗಲಿಲ್ಲ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಟ್ಟರು. ನೀರು ತಮ್ಮ ತೂಬಿಗೆ ಯಾವಾಗ ಬರುತ್ತದೋ ಎಂದು ರಾತ್ರಿಯೆಲ್ಲ ಟಾರ್ಚ್ ಹಿಡಿದು ಬದುವಿನ ಮೇಲೆ ಕೂತವರು ಇಲ್ಲೇ ಹತ್ತಾರು ಜನ ಇದ್ದೀರಿ.

ಅದೇ ವರ್ಷ ನನ್ನ ಹೆಂಡತಿಯ ಎರಡೂ ಕಿಡ್ನಿ ಸೋತವು. ವಾರಕ್ಕೆರಡು ಸಲ ಡಯಾಲಿಸಿಸ್. ಮೊದಲ ತಿಂಗಳುಗಳಲ್ಲಿ ಮೈಸೂರಿಗೆ ಹೋಗುತ್ತಿದ್ದೆವು. ನಸುಕಿನಲ್ಲಿ ಎದ್ದು ಬಸ್ಸು ಹಿಡಿಯುವುದು, ನಾಲ್ಕು ಗಂಟೆ ಮಷೀನಿನ ಪಕ್ಕ, ಸಂಜೆಗೆ ವಾಪಸ್. ಡಯಾಲಿಸಿಸ್ ಸೂಜಿ ಹಾಕಲು ಅವಳ ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಅಲ್ಲಿ ಬೆರಳಿಟ್ಟರೆ ಒಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಆಗುತ್ತದೆ. ರಾತ್ರಿ ಅವಳು ಮಲಗಿದ ಮೇಲೆ ನಾನು ಅಲ್ಲಿ ಬೆರಳಿಟ್ಟು ನೋಡುತ್ತಿದ್ದೆ. ಗುಂಯ್ ಅಂದರೆ ನನಗೆ ನಿದ್ದೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ನೀರು. ದಿನಕ್ಕೆ ಮುಕ್ಕಾಲು ಲೀಟರ್ ಎಂದು ಡಾಕ್ಟರು ಹೇಳಿದ್ದರು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು, ಎಲ್ಲ ಅದರೊಳಗೇ. ಬೆಳಿಗ್ಗೆ ಒಂದು ಬಾಟಲಿಗೆ ಅಳೆದು ತುಂಬಿಡುತ್ತಿದ್ದೆ. ಅವಳು ಅರ್ಧ ಲೋಟ ಕಾಫಿ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ತೆಗೆದು ತುಳಸಿ ಪಕ್ಕದ ಕರಿಬೇವಿನ ಗಿಡಕ್ಕೆ ಹಾಕಬೇಕು. ಸುಡುವ ಏಪ್ರಿಲ್ ತಿಂಗಳಲ್ಲಿ, ಬಾಯಾರಿದ ಹೆಂಡತಿಯ ಕಣ್ಣೆದುರಿಗೆ ನೀರನ್ನು ಗಿಡಕ್ಕೆ ಹಾಕುವುದು ಎಂಥ ಕೆಲಸ ಎಂದು ನಾನು ಹೇಗೆ ಹೇಳಲಿ. ಅವಳು ಒಂದು ಚೂರು ಐಸ್ ಬಾಯಲ್ಲಿಟ್ಟುಕೊಂಡು ಮುಖ ಆ ಕಡೆ ತಿರುಗಿಸುತ್ತಿದ್ದಳು. ಹೊರಗೆ ನಾಲೆಗೆ ಕಟ್ಟು ನೀರು, ಒಳಗೆ ಇವಳಿಗೆ ಅಳತೆ ನೀರು. ಹಾಗಿತ್ತು ನಮ್ಮ ಕಾಲ.

ಆಗ ನಾನು ಮಾಡುತ್ತಿದ್ದ ಪ್ರಾರ್ಥನೆ ಒಂದೇ: ದೇವರೇ, ದಾರಿ ತೋರಿಸು. ದಿನಾ ಅದೇ. ಆ ಪ್ರಾರ್ಥನೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ವಾಕ್ಯ ಓದೋಣ.

ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ ತೆಗೆಯಿರಿ. ಕೂಟಗಳಲ್ಲಿ ಇದನ್ನು ನಾವು ಅಷ್ಟಾಗಿ ಓದುವುದಿಲ್ಲ. ಜಮೀನಿನ ವ್ಯವಹಾರ ಎಂದು ದಾಟಿಹೋಗುತ್ತೇವೇನೋ. ಆದರೆ ಮಂಡ್ಯದವರಿಗೆ ಇದು ಬೇಗ ಅರ್ಥವಾಗಬೇಕು. ಇದರಲ್ಲಿ ದಾಯಾದಿ ಇದ್ದಾನೆ, ಹೊಲ ಇದೆ, ತೂಗಿ ಕೊಟ್ಟ ಬೆಳ್ಳಿ ಇದೆ, ಸಾಕ್ಷಿಗಳಿದ್ದಾರೆ, ಕ್ರಯಪತ್ರ ಇದೆ.

ಕ್ರಿ.ಪೂ. 587ರ ಆಸುಪಾಸು. ಯೆಹೂದದ ಅರಸ ಚಿದ್ಕೀಯನ ಆಳ್ವಿಕೆಯ ಹತ್ತನೇ ವರ್ಷ. ಬಾಬೆಲಿನ ಅರಸ ನೆಬೂಕದ್ನೆಚ್ಚರನ ದಂಡು ಯೆರೂಸಲೇಮನ್ನು ಮುತ್ತಿಗೆ ಹಾಕಿದೆ. ಊರೊಳಗೆ ರೊಟ್ಟಿ ಮುಗಿಯುತ್ತಾ ಬಂದಿದೆ. ಯೆರೆಮೀಯ ಎಲ್ಲಿದ್ದಾನೆ? ಅರಮನೆಯ ಕಾವಲಿನ ಅಂಗಳದಲ್ಲಿ, ಸೆರೆಯಲ್ಲಿ. ಈ ಊರು ಶತ್ರುವಿನ ಕೈಸೇರುತ್ತದೆ ಎಂದು ಸಾರಿದ್ದಕ್ಕೆ ಅರಸನೇ ಇರಿಸಿದ ಸೆರೆ. ರೊಟ್ಟಿ ಸುಡುವವರ ಬೀದಿಯಿಂದ ಅವನಿಗೆ ದಿನಕ್ಕೊಂದು ರೊಟ್ಟಿ ಬರುತ್ತಿತ್ತು ಎಂದು 37ನೇ ಅಧ್ಯಾಯದಲ್ಲಿ ಬರೆದಿದೆ.

ಅಂಥ ಹೊತ್ತಿನಲ್ಲಿ ಅವನಿಗೆ ದೇವರ ಮಾತು ಬರುತ್ತದೆ. ನಿನ್ನ ಚಿಕ್ಕಪ್ಪನ ಮಗ ಹನಮೇಲ ಬರುತ್ತಾನೆ, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ, ದಾಯಾದಿಯಾಗಿ ಅದನ್ನು ಕೊಳ್ಳುವ ಬಾಧ್ಯತೆಯ ಹಕ್ಕು ನಿನ್ನದು ಅನ್ನುತ್ತಾನೆ.

ಅನಾತೋತ್ ಯೆರೂಸಲೇಮಿನಿಂದ ನಾಲ್ಕೈದು ಕಿಲೋಮೀಟರ್ ಅಷ್ಟೇ. ಸುತ್ತಲೂ ಶತ್ರುಗಳ ದಂಡು. ಅಂದರೆ ಮಾರುವವನಿಗೂ ಆ ಹೊಲಕ್ಕೆ ಕಾಲಿಡಲು ಆಗುವುದಿಲ್ಲ, ಕೊಳ್ಳುವವನಿಗೂ ಆಗುವುದಿಲ್ಲ. ನಮ್ಮೂರಿನಲ್ಲಿ ಯಾರಾದರೂ ಇಂಥ ಜಮೀನಿಗೆ ಅಡ್ವಾನ್ಸ್ ಕೊಟ್ಟರೆ ಅವನ ತಲೆ ನೆಟ್ಟಗಿಲ್ಲ ಅನ್ನುತ್ತೇವೆ.

ಇನ್ನೊಂದಿದೆ. ಅನಾತೋತ್ ಯೆರೆಮೀಯನ ಹುಟ್ಟೂರು. ಆ ಊರಿನವರೇ ಹಿಂದೆ ಅವನ ಪ್ರಾಣ ತೆಗೆಯಲು ನೋಡಿದ್ದರು. 11ನೇ ಅಧ್ಯಾಯ ಓದಿ. ಬಾಯಿ ಮುಚ್ಚಿಕೊಂಡಿರು, ಇಲ್ಲಾಂದ್ರೆ ನಮ್ಮ ಕೈಯಲ್ಲೇ ಸಾಯ್ತೀಯ ಎಂದು ಹೆದರಿಸಿದ ಊರು ಅದು. ಆ ಊರಿನ ಹೊಲಕ್ಕೆ ಇವನು ದುಡ್ಡು ಕೊಡಬೇಕು. ಈ ಎರಡು ಅಧ್ಯಾಯಗಳನ್ನು ಜೋಡಿಸಿ ಓದಿದ ದಿನ ನಾನು ಬೈಬಲ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹನಮೇಲ ಬಂದ. ದೇವರು ಹೇಳಿದ ಮಾತನ್ನೇ ಹೇಳಿದ. ಆಗ ಯೆರೆಮೀಯ ಬರೆಯುತ್ತಾನೆ, ಇದು ಯೆಹೋವನ ಮಾತೇ ಎಂದು ಆಗ ನನಗೆ ತಿಳಿಯಿತು ಅಂತ. ಆಗ! ಇಷ್ಟು ದೊಡ್ಡ ಪ್ರವಾದಿಗೂ ದಾಯಾದಿ ಬಂದು ಎದುರಿಗೆ ನಿಂತ ಮೇಲೇ ಖಾತ್ರಿಯಾಗಿದ್ದು. ನಮಗೆ ಎಲ್ಲವೂ ಮೊದಲೇ ಖಾತ್ರಿಯಾಗಬೇಕು. ಆಗಲಿಲ್ಲ ಅಂದರೆ ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇದೆ ಎಂದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ. ಹಾಗೆ ಹಳಿದುಕೊಳ್ಳಬೇಡಿ.

ಆಮೇಲಿನ ಭಾಗ ನನಗೆ ತುಂಬ ಇಷ್ಟ. ಅವನು 17 ಶೆಕೆಲ್ ಬೆಳ್ಳಿ ಕೊಡುತ್ತಾನೆ. ನಮ್ಮ ತೊಲದ ಲೆಕ್ಕಕ್ಕೂ ಹತ್ತಿರ ಹತ್ತಿರ ಅಷ್ಟೇ, ಸುಮಾರು 200 ಗ್ರಾಂ. ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಪತ್ರ ಬರೆದು ರುಜು ಹಾಕುತ್ತಾನೆ, ಮುದ್ರೆ ಒತ್ತುತ್ತಾನೆ, ಸಾಕ್ಷಿ ಹಾಕಿಸುತ್ತಾನೆ. ಎರಡು ಪ್ರತಿ. ಒಂದು ಮುದ್ರೆ ಹಾಕಿ ಮುಚ್ಚಿದ್ದು, ಇನ್ನೊಂದು ತೆರೆದದ್ದು. ಕಾವಲಿನ ಅಂಗಳದಲ್ಲಿ ಕೂತಿದ್ದವರೆಲ್ಲರ ಎದುರಿಗೆ ಅದನ್ನು ತನ್ನ ಬರಹಗಾರ ಬಾರೂಕನ ಕೈಗೆ ಕೊಡುತ್ತಾನೆ. ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡು ಎಂದು ಹೇಳುತ್ತಾನೆ.

ನನ್ನ ಅಜ್ಜಿ ಜಮೀನಿನ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿಡುತ್ತಿದ್ದರು. ಹುಳ ಬೀಳದ ಹಾಗೆ ಒಣಗಿದ ಬೇವಿನ ಎಲೆ ಹಾಕುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ಬಿಚ್ಚಿ, ಒಂದೊಂದು ಹಾಳೆಯನ್ನೂ ಬಿಸಿಲಿಗೆ ಹಿಡಿದು, ಮತ್ತೆ ಮಡಿಸಿಡುತ್ತಿದ್ದರು. ಬಾರೂಕ ಗಡಿಗೆಯ ಬಾಯಿ ಮುಚ್ಚುವುದನ್ನು ನೆನೆಸಿಕೊಂಡಾಗ ನನಗೆ ಅಜ್ಜಿಯ ಕೈಗಳೇ ಕಾಣುತ್ತವೆ. ಗಡಿಗೆಯಲ್ಲಿಡು ಅನ್ನುವುದು ಸುಮ್ನೆ ಬಂದ ಮಾತೂ ಅಲ್ಲ. 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗುಹೆಯೊಂದರಲ್ಲಿ ಮಣ್ಣಿನ ಗಡಿಗೆಗಳೊಳಗೆ ವಾಕ್ಯದ ಸುರುಳಿಗಳು ಸಿಕ್ಕವು. ಸುಮಾರು 2000 ವರ್ಷ ಉಳಿದುಕೊಂಡಿದ್ದವು. ಆ ಕಡೆಯ ಜನಕ್ಕೆ ಅದು ಗೊತ್ತಿದ್ದ ಕೆಲಸ.

ಇಲ್ಲಿ ಒಂದು ಮಾತು ಹೇಳಲೇಬೇಕು. ದೇವರು ಹೇಳಿದ ಕೆಲಸ ತಾನೇ ಎಂದು ಯೆರೆಮೀಯ ತಕ್ಕಡಿ ಬಿಡಲಿಲ್ಲ. ಸಾಕ್ಷಿ ಬಿಡಲಿಲ್ಲ. ಎರಡನೇ ಪ್ರತಿ ಬಿಡಲಿಲ್ಲ. ನನ್ನ ಹೆಂಡತಿಗೆ ಕಾಯಿಲೆ ಅಂದಾಗ, ದೇವರನ್ನು ಪೂರ್ತಿ ನಂಬಿದರೆ ಮಷೀನು ಯಾಕೆ, ನಿಲ್ಲಿಸಿಬಿಡಿ ಎಂದು ನಮ್ಮ ಮನೆಗೇ ಬಂದು ಹೇಳಿದವರಿದ್ದಾರೆ. ಪ್ರೀತಿಯಿಂದಲೇ ಹೇಳಿದರು ಅಂತ ಇಟ್ಟುಕೊಳ್ಳೋಣ. ಆದರೆ ಅದು ತಪ್ಪು, ಪ್ರಾಣ ತೆಗೆಯುವ ತಪ್ಪು. ನಿಮ್ಮ ಮನೆಗೆ ಯಾರಾದರೂ ಹೀಗೆ ಹೇಳಿಕೊಂಡು ಬಂದರೆ ಕಾಫಿ ಕೊಟ್ಟು ಕಳಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ದೇವರನ್ನು ನಂಬಿದವನು ಬೆಳ್ಳಿ ತೂಗಿಯೇ ಕೊಟ್ಟ.

ಈಗ ನನ್ನ ಪ್ರಾರ್ಥನೆಯ ವಿಷಯ.

ನಮ್ಮ ಬೀದಿಯ ಸ್ನೇಹಿತರೊಬ್ಬರ ಹತ್ತಿರ ನಾನು 35,000 ರೂಪಾಯಿ ಕೈಸಾಲ ತಗೊಂಡಿದ್ದೆ. ಚೀಟಿ ಇಲ್ಲ, ಸಾಕ್ಷಿ ಇಲ್ಲ. ನನ್ನ ಮುಖ ನೋಡಿ ಕೊಟ್ಟದ್ದು. ಆ ವರ್ಷವೇ ಅವರು ಹೃದಯಾಘಾತವಾಗಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ತಿಥಿ ಊಟಕ್ಕೂ ಹೋಗಿ ಬಂದೆ. ಅವರ ಮನೆಯವರು ಸಾಲದ ಮಾತೇ ಎತ್ತಲಿಲ್ಲ. ಅವರಿಗೆ ಗೊತ್ತೇ ಇಲ್ಲ ಎಂದು ನನಗೆ ಖಾತ್ರಿಯಾಯಿತು.

ನನ್ನ ಕೈಯಲ್ಲಿ ಆಗ 38,000 ಇತ್ತು. ಡಯಾಲಿಸಿಸ್ ಕಾರ್ಡಿನಲ್ಲಿ ಆಗುತ್ತಿತ್ತು. ಇಂಜೆಕ್ಷನ್ನು, ಮಾತ್ರೆ, ಓಡಾಟ ಎಲ್ಲ ಕೈಯಿಂದಲೇ. ಗದ್ದೆಯಲ್ಲಿ ಕಬ್ಬು ಒಣಗುತ್ತಿತ್ತು. ಬೇರೆ ಎಲ್ಲಿಂದಲೂ ಬರುವ ಹಾಗಿರಲಿಲ್ಲ. ಆಗ ನಾನು ದಿನಾ ಮಂಡಿಯೂರಿ ಕೇಳುತ್ತಿದ್ದೆ, ದೇವರೇ, ಏನು ಮಾಡಲಿ, ದಾರಿ ತೋರಿಸು.

ಯೋಚನೆ ಮಾಡಿ. ತಗೊಂಡ ಸಾಲ ತೀರಿಸು ಎಂದು ದೇವರು ನನಗೆ ಹೊಸದಾಗಿ ಹೇಳಬೇಕಿತ್ತಾ? ಯಾರಿಗೂ ಏನೂ ಸಾಲ ಉಳಿಸಿಕೊಳ್ಳಬೇಡಿ ಎಂದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಬರೆದೇ ಇದೆ. ಸಂಡೇ ಸ್ಕೂಲಿನಲ್ಲಿ ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ನನಗೆ ದಾರಿ ಕಾಣುತ್ತಿತ್ತು. ಕಾಣುವ ದಾರಿಯಲ್ಲಿ ನಡೆಯಲು ಮನಸ್ಸಿರಲಿಲ್ಲ. ಪ್ರಾರ್ಥನೆ ಮಾಡ್ತಾ ಇದ್ದೀನಿ ಅನ್ನುವುದು ನನಗೆ ಮುಂದೂಡುವ ನೆಪವಾಗಿತ್ತು. ಎಂಟು ವಾರ ಮುಂದೂಡಿದೆ.

ಒಂದು ರಾತ್ರಿ ಹೆಂಡತಿಗೆ ಹೇಳಿದೆ. ಅವಳಿಗೆ ಆ ಸಾಲದ ವಿಷಯ ಗೊತ್ತಿರಲಿಲ್ಲ. ಮಲಗಿದ್ದವಳು ಎದ್ದು ಕೂತಳು.

"ಅವ್ರ ಮನೆಯವ್ರಿಗೆ ಗೊತ್ತಿಲ್ಲ," ಅಂದೆ.

"ಗೊತ್ತಿಲ್ಲ ಅಂದ್ರೆ ಸಾಲ ತೀರಿಹೋಯ್ತೇನ್ರೀ?" ಅಂದಳು.

"ನಿನ್ನ ಇಂಜೆಕ್ಷನ್‌ಗೆ ಇಟ್ಟಿರೋ ದುಡ್ಡು ಅದು."

"ನನ್ನ ಇಂಜೆಕ್ಷನ್ ಹೆಸರು ಹೇಳಿ ಅದನ್ನ ಇಟ್ಕೋಬೇಡಿ. ನನ್ನ ಮೇಲೆ ಹಾಕ್ಬೇಡಿ ಅದನ್ನ."

ಬೆಳಿಗ್ಗೆ ಇಬ್ಬರೂ ಹೋದೆವು. ಆ ಅಕ್ಕ ಬಾಗಿಲಲ್ಲೇ ರಾಗಿ ಹಸನು ಮಾಡುತ್ತಾ ಕೂತಿದ್ದರು. ನಾನು ದುಡ್ಡಿನ ಕವರು ಮೊರದ ಪಕ್ಕ ಇಟ್ಟು ವಿಷಯ ಹೇಳಿದೆ. ಅವರು ಕವರು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಮೊರದಲ್ಲಿದ್ದ ರಾಗಿಯನ್ನೇ ಬೆರಳಲ್ಲಿ ಆಡಿಸುತ್ತಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದರು, ಇಂಗು ಕರಿಬೇವು ಹಾಕಿದ್ದು. ನನ್ನ ಹೆಂಡತಿ ಲೋಟ ತಗೊಂಡಳು. ಆ ದಿನದ ಅವಳ ನೀರಿನ ಲೆಕ್ಕ ನನಗೆ ಗೊತ್ತಿತ್ತು. ಬೇಡ ಅನ್ನಲು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಲಿಲ್ಲ. ಎರಡು ಗುಟುಕು ಕುಡಿದು, "ತುಂಬ ಚೆನ್ನಾಗಿದೆ ಅಕ್ಕ" ಎಂದು ಉಳಿದದ್ದನ್ನು ನನ್ನ ಲೋಟಕ್ಕೆ ಸುರಿದಳು.

ಇದಾದ ಮೇಲೆ ಎಲ್ಲಿಂದಲೋ ದುಡ್ಡು ಬಂತು ಎಂದು ನಾನು ಹೇಳುತ್ತೇನೆ ಅಂದುಕೊಂಡಿರಾ? ಬರಲಿಲ್ಲ. ಮುಂದಿನ ತಿಂಗಳು ಹಸು ಮಾರಿದೆವು. ಮರುವರ್ಷ, 2024ರ ಜುಲೈನಲ್ಲಿ ಕನ್ನಂಬಾಡಿ ತುಂಬಿತು, ನಾಲೆಯಲ್ಲಿ ನೀರು ಬಂತು. ನನ್ನ ಹೆಂಡತಿಯ ಬಾಟಲಿ ಮಾತ್ರ ಅಷ್ಟೇ ಇದೆ, ಮುಕ್ಕಾಲು ಲೀಟರ್. ಅವಳು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಇವತ್ತು ಬೆಳಿಗ್ಗೆಯೂ ಅಳೆದು ತುಂಬಿಟ್ಟು ಬಂದಿದ್ದೇವೆ. ಬದಲಾಗಿದ್ದು ಒಂದು. ಆ ಎಂಟು ವಾರ ಅವಳ ಪಕ್ಕ ಕೂತು ಪ್ರಾರ್ಥನೆ ಮಾಡುವಾಗ ನಾನು ಕಣ್ಣು ಬೇಗ ಮುಚ್ಚಿಕೊಳ್ಳುತ್ತಿದ್ದೆ, ಅವಳ ಮುಖ ನೋಡಲಾಗದೆ. ಅದು ನಿಂತಿತು.

ಮತ್ತೆ ಯೆರೆಮೀಯನ ಹತ್ತಿರ ಹೋಗೋಣ. ಪತ್ರ ಬಾರೂಕನ ಕೈಗೆ ಕೊಟ್ಟ ಮೇಲೆ ಅವನು ಪ್ರಾರ್ಥನೆ ಮಾಡುತ್ತಾನೆ. ಕೊಟ್ಟ ಮೇಲೆ. ಈ ಸರದಿಯನ್ನು ದಯವಿಟ್ಟು ಗಮನಿಸಿ, 16ನೇ ವಚನ. ಪ್ರಾರ್ಥನೆಯ ಮೊದಲಲ್ಲಿ ಭೂಮಿ ಆಕಾಶ ಉಂಟುಮಾಡಿದವನೇ, ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಅನ್ನುತ್ತಾನೆ. ಕೊನೆಗೆ ಬರುವಾಗ ಒಳಗಿನದ್ದು ಹೊರಗೆ ಬರುತ್ತದೆ. ನೋಡು, ಮಣ್ಣಿನ ದಿಬ್ಬಗಳು ಕೋಟೆಯವರೆಗೂ ಬಂದಿವೆ, ಊರು ಕಸ್ದೀಯರ, ಅಂದರೆ ಬಾಬೆಲಿನವರ, ಪಾಲಾಗುತ್ತಿದೆ, ಇಂಥದರಲ್ಲಿ ನೀನು ನನಗೆ ಹೊಲ ಕೊಂಡುಕೋ ಅಂದೆಯಲ್ಲ! ಅಲ್ಲಿಗೆ ನಿಲ್ಲಿಸುತ್ತಾನೆ. ಅರ್ಥವಾಗಲಿಲ್ಲ ಅವನಿಗೆ. ಅರ್ಥವಾಗದೆಯೇ ಬೆಳ್ಳಿ ತೂಗಿದ್ದ.

ದೇವರು ಅದಕ್ಕೆ ಸಿಟ್ಟಾಗಲಿಲ್ಲ. ನನ್ನನ್ನೇ ಪ್ರಶ್ನೆ ಕೇಳ್ತೀಯಾ ಅನ್ನಲಿಲ್ಲ. ಉದ್ದಕ್ಕೂ ಉತ್ತರ ಕೊಟ್ಟ. ಈ ದೇಶದಲ್ಲಿ ಮತ್ತೆ ಜನ ಹೊಲ ಕೊಳ್ಳುತ್ತಾರೆ, ಪತ್ರ ಬರೆಯುತ್ತಾರೆ, ಸಾಕ್ಷಿ ಹಾಕುತ್ತಾರೆ ಎಂದ. ಕಷ್ಟದಲ್ಲಿರುವವರು ದೇವರನ್ನು ಯಾಕೆ ಅಂತ ಕೇಳಬಾರದು ಎಂದು ನಮ್ಮಲ್ಲಿ ಒಂದು ಮಾತಿದೆ. ಯಾರು ಕಲಿಸಿದರೋ ಗೊತ್ತಿಲ್ಲ, ಬೈಬಲ್ ಕಲಿಸಲಿಲ್ಲ. ಕೇಳಿ. ಅತ್ತು ಕೇಳಿ. ಕೈಯಲ್ಲಿರುವ ಕೆಲಸವನ್ನು ಅದಕ್ಕಾಗಿ ನಿಲ್ಲಿಸಬೇಡಿ, ಅಷ್ಟೇ. ಉತ್ತರ ಬಂದ ಮೇಲೆ ಸಾಲ ತೀರಿಸ್ತೀನಿ, ಕಾಯಿಲೆ ವಾಸಿಯಾದ ಮೇಲೆ ತಮ್ಮನ ಜೊತೆ ಮಾತಾಡ್ತೀನಿ, ಮಳೆ ಬಂದ ಮೇಲೆ ಕೂಲಿಯವರ ಬಾಕಿ ಕೊಡ್ತೀನಿ ಎಂದು ಕಾಯಬೇಡಿ.

ಇನ್ನು ನಮ್ಮ ಗೋಡೆಯ ಮೇಲಿನ ವಾಕ್ಯ. ಯೆರೆಮೀಯ 29ರ 11. ನಮ್ಮಲ್ಲಿ ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿ ಇದೆ. ನಿಮಗಾಗಿ ನಾನು ಮಾಡುವ ಯೋಚನೆಗಳು ಕೇಡಿನವಲ್ಲ, ಹಿತದವು ಎಂದು ದೇವರು ಹೇಳುವ ಮಾತು. ನಮ್ಮ ಮನೆಯಲ್ಲೂ ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ, ನೀರಿನ ಬಾಟಲಿ ತೆಗೆಯುವಾಗೆಲ್ಲ ಕಾಣುತ್ತದೆ. ಅದರ ಹಿಂದಿನ ವಚನವನ್ನು ಯಾವ ಕ್ಯಾಲೆಂಡರಿನಲ್ಲೂ ನಾನು ನೋಡಿಲ್ಲ. ಅದರಲ್ಲಿ 70 ವರ್ಷ ಎಂದಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ನಿಂತು ಹೇಳಿದ್ದ. ಕೇಳಲು ಅದೇ ಹಿತವಾಗಿತ್ತು. ಅದು ಸುಳ್ಳಾಗಿತ್ತು. ಯೆರೆಮೀಯ ಬರೆದದ್ದು ಬೇರೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಿ. ನಮಗೂ ಹಲವರು ಬಂದು ಇನ್ನು ಮೂರು ತಿಂಗಳು, ಎಲ್ಲ ಸರಿಹೋಗುತ್ತೆ ಅಂದರು. ನಾನೂ ಬೇರೆಯವರಿಗೆ ಹಾಗೆ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಯಾರದಾದರೂ ಮನೆಗೆ ಹೋದರೆ, ನಾಳೆ ಆಸ್ಪತ್ರೆಗೆ ಜೊತೆಗೆ ನಾನು ಬರಲಾ ಎಂದು ಕೇಳುತ್ತೇನೆ.

ಯೆರೆಮೀಯ ಆ ಹೊಲದಲ್ಲಿ ಒಂದು ದಿನವೂ ಉತ್ತ ಎಂದು ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಮಾರನೇ ವರ್ಷ ಕೋಟೆ ಒಡೆಯಿತು, ದೇವಾಲಯ ಸುಟ್ಟುಹೋಯಿತು. ಆಮೇಲೆ ಅವನನ್ನು ಬಲವಂತವಾಗಿ ಐಗುಪ್ತಕ್ಕೆ ಕರೆದುಕೊಂಡು ಹೋದರು. ಅಲ್ಲಿಗೆ ಅವನ ಸುದ್ದಿ ನಿಂತುಹೋಗುತ್ತದೆ. ಗಡಿಗೆ ಏನಾಯಿತು ಎಂದೂ ಬರೆದಿಲ್ಲ.

ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ನಾನು ಅವಳಿಗೆ ಬೈಬಲ್ ಓದಿ ಹೇಳುತ್ತೇನೆ. ಯೆರೆಮೀಯ ಮುಗಿದಿತ್ತು. ಸೆರೆಹೋದವರು ಮುಂದೇನಾದರು ಎಂದು ಅವಳು ಕೇಳಿದ್ದಕ್ಕೆ ಎಜ್ರನ ಪುಸ್ತಕ ತೆಗೆದೆ. ಹೊಲ ಕೊಂಡು ಸುಮಾರು 50 ವರ್ಷದ ಮೇಲಿನ ಮಾತು ಅದು. ಪರ್ಷಿಯದ ಅರಸ ಕೋರೆಷ ಅಪ್ಪಣೆ ಕೊಟ್ಟಿದ್ದಾನೆ, ಜನ ವಾಪಸ್ ಹೊರಟಿದ್ದಾರೆ. ಎರಡನೇ ಅಧ್ಯಾಯ ಪೂರ್ತಿ ಪಟ್ಟಿ. ಯಾವ ಊರಿನವರು ಎಷ್ಟು ಜನ, ಯಾವ ಮನೆತನದವರು ಎಷ್ಟು ಜನ. ಮಷೀನಿನ ಸದ್ದು, ಪಕ್ಕದ ಬೆಡ್ಡಿನವರ ಕೆಮ್ಮು. ನನಗೆ ಸಾಕಾಗಿತ್ತು. ಇದು ಬರೀ ಹೆಸರು, ಬಿಟ್ಟು ಮುಂದೆ ಹೋಗಲಾ ಅಂದೆ.

"ಬಿಡಬೇಡಿ, ಓದಿ," ಅಂದಳು. "ಅವ್ರೂ ಮನೆಗೆ ಹೊರಟವ್ರಲ್ವಾ."

ಓದಿದೆ. ಬೇತ್ಲೆಹೇಮಿನವರು 123. ನೆಟೋಫದವರು 56. ಅನಾತೋತಿನವರು 128.

ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಸೂಜಿ ಚುಚ್ಚಿದ್ದ ಕೈ ಅಲ್ಲಾಡಿಸುವ ಹಾಗಿರಲಿಲ್ಲ. ಇನ್ನೊಂದು ಕೈ ಎತ್ತಿ ನನ್ನನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ಓದಿ," ಅಂದಳು. "ಅದು ಅವ್ನು ಹೊಲ ತಗೊಂಡ ಊರಲ್ವಾ?"